ಮೋತಿ ಮತ್ತು ನನ್ನ ಕೈ

ಮೊನ್ನೆ ಧಾರೇಶ್ವರದ ಪರಿಚಯದವರೊಬ್ಬರು ಒಂದು ಗೋಣಿ ತೆಂಗಿನಕಾಯಿ ಕಳಿಸಿದ್ದರು. ಗೋಣಿಯ ಬಾಯಿ ಕಟ್ಟಿದ್ದ ಕತ್ತದ ಹಗ್ಗ ದಾರಿಯ ಮಳೆಗೆ ನೆನೆದಿತ್ತು. ಅದನ್ನು ಬಿಚ್ಚುವಾಗ ಮೂಗಿಗೆ ಬಡಿದ ಒದ್ದೆ ನಾರಿನ ವಾಸನೆಗೆ ನನ್ನ ಬಲಗೈ ಮುಷ್ಟಿ ತಾನಾಗಿ ಬಿಗಿಯಿತು. ನಿಮಗೂ ಹೀಗೆ ಆಗುವುದುಂಟೇ? ನಾವು ಮರೆತೆವೆಂದುಕೊಂಡದ್ದನ್ನು ಕೈಕಾಲುಗಳು ನೆನಪಿಟ್ಟುಕೊಂಡಿರುತ್ತವೆ. ನನ್ನ ಕೈಗೆ ನೆನಪಾದದ್ದು ಮೋತಿ.

ಅರುವತ್ತರ ದಶಕದ ಮೊದಲ ವರ್ಷಗಳು. ಕುಮಟೆಯವನಾದ ನನಗೆ ಹೊನ್ನಾವರದ ಶಾಲೆಯೊಂದರಲ್ಲಿ ಮಾಸ್ತರಿಕೆ ಸಿಕ್ಕಿತ್ತು. ಮದುವೆಯಾಗಿರಲಿಲ್ಲ. ಹೊಳೆಯ ದಂಡೆಯಲ್ಲಿ ಶಾನಭಾಗರೆಂಬವರ ಮನೆಯ ಹೊರಗಿನ ಕೋಣೆ ನನ್ನ ಬಿಡಾರ. ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ, ನಾನು ಹುಟ್ಟಾ ಪುಕ್ಕಲ. ಇನ್ಸ್‌ಪೆಕ್ಟರರ ಹೆದರಿಕೆ ಎಲ್ಲ ಮಾಸ್ತರರಿಗೂ ಇರುತ್ತಿತ್ತು. ನನಗೆ ಮಕ್ಕಳ ತಂದೆಯರನ್ನು ಕಂಡರೂ ಹೆದರಿಕೆ, ಕ್ಷೌರದವನ ಕತ್ತಿ ಕಂಡರೂ ಹೆದರಿಕೆ. ಎದುರಿನಿಂದ ಗುರುತಿಲ್ಲದವರು ಬಂದರೆ ರಸ್ತೆಯ ಆಚೆ ಬದಿಗೆ ದಾಟಿ, ಹುಣಸೆಮರ ನೋಡುವವನಂತೆ ನಿಲ್ಲುತ್ತಿದ್ದೆ.

ಇದನ್ನು ಕಂಡೇ ಇರಬೇಕು, ಶಾನಭಾಗರು ಒಂದು ದಿನ ಕಂದು ಬಣ್ಣದ ನಾಯಿಮರಿಯೊಂದನ್ನು ತಂದು ನನ್ನ ಮಡಿಲಿಗೆ ಹಾಕಿದರು. “ಒಬ್ರೇ ಇರೂದು ನೀವು. ಒಂದು ನಾಯಿ ಇದ್ರೆ ಚಲೋ. ಈಗ ಕೋಳಿ ಬುಟ್ಟಿ ಕವಚಿ ಅದ್ರ ಅಡಿಗೆ ಇಡಿ ಮಾಸ್ತರೇ. ಮನುಷ್ಯರ ಮುಖ ಕಾಣದೇ ಬೆಳೆದ್ರೆ ಖಡಕ್ ಆಗ್ತದೆ” ಎಂದರು. ಆಗ ನಮ್ಮ ಕಡೆ ಹಲವರು ಹಾಗೆಯೇ ಮಾಡುತ್ತಿದ್ದರು. ನಾನೂ ಮಾಡಿದೆ. ಬುಟ್ಟಿಯ ಸಂದಿಯಿಂದ ಹೊರಗೆ ಬರುತ್ತಿದ್ದ ಆ ಪುಟ್ಟ ಒದ್ದೆ ಮೂಗನ್ನು ನೆನೆದರೆ ಈಗಲೂ ನಾಚಿಕೆಯಾಗುತ್ತದೆ.

ಮೋತಿ ದೊಡ್ಡವನಾದ. ಸಂಜೆ ಹೊತ್ತು ಅವನ ಕೊರಳಿಗೆ ಕತ್ತದ ಹಗ್ಗ ಕಟ್ಟಿ, ಇನ್ನೊಂದು ತುದಿಯನ್ನು ನನ್ನ ಮಣಿಕಟ್ಟಿಗೆ ಎರಡು ಸುತ್ತು ಸುತ್ತಿಕೊಂಡು ಹೊಳೆದಂಡೆಗೆ ಹೋಗುತ್ತಿದ್ದೆ. ಆಗ ಶರಾವತಿಗೆ ಸೇತುವೆಯಿರಲಿಲ್ಲ. ಹೊಳೆ ಯಾವುದು, ಸಮುದ್ರ ಯಾವುದು, ಆಕಾಶ ಯಾವುದು ಎಂದು ತಿಳಿಯದ ಹಾಗೆ ಬೆಳಕು ಕರಗಿ ಹರಡಿರುತ್ತಿತ್ತು. ಹೊಳೆಯ ನಡುವಿನ ಮಾವಿನಕುರ್ವೆ ದ್ವೀಪದ ತೆಂಗಿನ ಮರಗಳು ನೀರಿನ ಮೇಲೆ ತೇಲುತ್ತಿರುವಂತೆ ಕಾಣುತ್ತಿದ್ದವು. ದೋಣಿಗಳು ಸದ್ದಿಲ್ಲದೆ ಬರುತ್ತಿದ್ದವು, ಹೋಗುತ್ತಿದ್ದವು. ನಾನೂ ಮೋತಿಯೂ ಅರೆನಿದ್ದೆಯಲ್ಲಿ ನಡೆಯುವವರಂತೆ ನಡೆಯುತ್ತಿದ್ದೆವು, ಯಾರಾದರೂ ಎದುರಾಗುವ ತನಕ.

ಎದುರಾದರೋ, ಮೋತಿ ಹುಲಿ! ಹಲ್ಲು ಕಿಸಿದು ಹಾರುತ್ತಿದ್ದ. ನಾನು ಹಗ್ಗ ಜಗ್ಗಿ ಹಿಡಿದು, “ಹೆದರಬೇಡಿ, ಎಂತ ಮಾಡೂದಿಲ್ಲ” ಎನ್ನುತ್ತಿದ್ದೆ. ನಿಜ ಹೇಳಲೇ? ಒಳಗೊಳಗೆ ಹಿಗ್ಗುತ್ತಿದ್ದೆ. ಜನ್ಮದಲ್ಲಿ ಮೊದಲ ಬಾರಿಗೆ ಜನ ನನ್ನನ್ನು ಕಂಡು ರಸ್ತೆಯ ಆಚೆ ಬದಿಗೆ ದಾಟುತ್ತಿದ್ದರು.

ಹಿಗ್ಗು ಬಹಳ ದಿನ ಉಳಿಯಲಿಲ್ಲ. ಒಂದು ಬೆಳಿಗ್ಗೆ ಶಾನಭಾಗರು ಬಾಡಿಗೆಯ ವಿಷಯ ಮಾತಾಡಲು ಬಂದಾಗ ಮೋತಿ ಅವರ ಮೀನಖಂಡಕ್ಕೇ ಬಾಯಿ ಹಾಕಿದ. ಪಾಪ, ಹೊಟ್ಟೆಗೆ ದಿನವೂ ಇಂಜೆಕ್ಷನ್ ಚುಚ್ಚಿಸಿಕೊಳ್ಳುವ ಪಾಡು ಬಂತು ಅವರಿಗೆ. “ಬರೂ ಸಂತೆ ಒಳಗೆ ನಾಯಿ ಇಲ್ಲಿಂದ ಹೋಗ್ಬೇಕು. ಇಲ್ದಿದ್ರೆ ವಿಷದ ಉಂಡೆ ಹಾಕಿಸ್ತೆ” ಎಂದರು. ಬುಟ್ಟಿಯ ಉಪದೇಶ ಯಾರದೆಂದು ನೆನಪಿಸುವ ಧೈರ್ಯ ನನಗೆಲ್ಲಿಂದ ಬರಬೇಕು?

ಸಂತೆಗೆ ನಾಲ್ಕು ದಿನವಿತ್ತು. ಮೋತಿಯ ಪಕ್ಕದಲ್ಲಿ ಮೆಟ್ಟಿಲ ಮೇಲೆ ಮಂಕಾಗಿ ಕುಳಿತಿದ್ದಾಗ ಮಾವಿನಕುರ್ವೆಯ ಮಾದೇವಿ ಮೀನಿನ ಬುಟ್ಟಿ ಹೊತ್ತು ಬಂದಳು. ಶಾನಭಾಗರ ಹಿತ್ತಿಲಿಗೆ ಮೀನು ಕೊಡುತ್ತಿದ್ದವಳು. ಮೋತಿ ಎಂದಿನಂತೆ ಹಾರಿದ. ನಾನು ಎಂದಿನಂತೆ ಜಗ್ಗಿದೆ. ಅವಳು ಬುಟ್ಟಿ ಇಳಿಸಿ, ನನ್ನ ಮಣಿಕಟ್ಟನ್ನೇ ನೋಡಿದಳು.

“ಹಗ್ಗ ಇಲ್ಲಿ ಕೊಡಿ ಮಾಸ್ತರೇ.”

“ಕಚ್ತದೆ ಮಾದೇವಿ!”

“ಕೊಡಿ ಅಂದೆ.”

ಕೊಟ್ಟೆ. ಅವಳು ಅದನ್ನು ಹಿಡಿಯಲೂ ಇಲ್ಲ, ನೆಲಕ್ಕೆ ಬಿಟ್ಟಳು. ಮೋತಿಯ ಕಡೆ ತಿರುಗಿಯೂ ನೋಡದೆ ಎಲೆಯಡಿಕೆ ಸಂಚಿ ಬಿಚ್ಚಿದಳು. ಮೋತಿ ಬೊಗಳಿದ, ಸುತ್ತು ಹಾಕಿದ, ಅವಳ ಸೀರೆಯ ಅಂಚು ಮೂಸಿದ, ಕೊನೆಗೆ ಅಲ್ಲೇ ಕುಳಿತ. ನಾನು ಸಮಾಧಾನದಿಂದ ಹಗ್ಗ ಎತ್ತಿಕೊಂಡೆ. ಅಷ್ಟರಲ್ಲಿ ರಸ್ತೆಯಲ್ಲಿ ಯಾರೋ ಸೈಕಲ್ಲಿನ ಗಂಟೆ ಬಾರಿಸಿದರು. ಮೋತಿ ಮತ್ತೆ ಎದ್ದು ಗುರ್ರೆಂದ.

“ನಾಯಿಗೆ ಎಂತದೂ ಆಗ್ಲಿಲ್ಲ,” ಎಂದಳು ಮಾದೇವಿ. “ನಿಮ್ಮ ಕೈ ಹೆದರ್ತದೆ. ಕೈ ಹೆದರಿದ್ದು ಹಗ್ಗದಲ್ಲಿ ಹೋಗಿ ಅದಕ್ಕೆ ಮುಟ್ತದೆ. ಯಜಮಾನನಿಗೆ ಎಂತದೋ ಬಂತು ಅಂತ ಅದು ಹಾರ್ತದೆ.”

ಮೂರು ದಿನ ಕಲಿಯಲು ಹೆಣಗಿದೆ. ಮೋತಿಯಲ್ಲ, ನಾನು. ಹಗ್ಗ ಸಡಿಲ ಬಿಟ್ಟು ನಡೆಯುವೆನೆಂದು ನಿಶ್ಚಯ ಮಾಡಿ ಹೊರಡುತ್ತಿದ್ದೆ. ದೂರದಲ್ಲಿ ಮನುಷ್ಯಾಕೃತಿ ಕಂಡ ಕೂಡಲೇ ಬೆರಳುಗಳು ನನ್ನನ್ನು ಕೇಳದೆಯೇ ಮಡಚಿಕೊಳ್ಳುತ್ತಿದ್ದವು. ಹುಡುಗರಿಗೆ ಮಗ್ಗಿ ಬರದಿದ್ದರೆ ಬೆಂಚಿನ ಮೇಲೆ ನಿಲ್ಲಿಸುತ್ತಿದ್ದ ನನಗೆ, ಕೈ ಬಿಚ್ಚಿಡುವಷ್ಟು ವಿದ್ಯೆ ಹತ್ತಲಿಲ್ಲ. ಸಂತೆಯ ಹಿಂದಿನ ದಿನ ಮಾದೇವಿಯೇ, “ನಾ ಕರ್ಕಂಡು ಹೋಗ್ತೆ” ಎಂದಳು. “ಆತು” ಎಂದೆ. ದೋಣಿ ಕಣ್ಮರೆಯಾಗುವ ತನಕ ನಿಂತಿದ್ದು, ಕೋಣೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತೆ.

ಆರು ತಿಂಗಳ ಮೇಲೆ ಬೇರೆ ಕಡೆ ಬಿಡಾರ ಸಿಕ್ಕಿತು, ಅಂಗಳವೂ ಇತ್ತು. ಕುಮಟೆಯಿಂದ ಒಂದು ಚರ್ಮದ ಕೊರಳಪಟ್ಟಿ ತರಿಸಿ, ಜೇಬಿನಲ್ಲಿಟ್ಟುಕೊಂಡು, ಮೋತಿಯನ್ನು ಕರೆತರಲು ಮಾವಿನಕುರ್ವೆಗೆ ದೋಣಿ ಹತ್ತಿದೆ. ಅಲ್ಲಿ ಮಾದೇವಿಯ ಅಂಗಳದಲ್ಲಿ ಒಣಗಲು ಹರಡಿದ ಮೀನಿನ ಪಕ್ಕದಲ್ಲಿ ಅವನು ಬಿಸಿಲು ಕಾಯುತ್ತ ಮಲಗಿದ್ದ. ಚಿಕ್ಕ ಮಗುವೊಂದು ಅವನ ಕಿವಿ ಎಳೆಯುತ್ತಿತ್ತು. ನನ್ನ ವಾಸನೆ ಹತ್ತಿದ್ದೇ ಓಡಿ ಬಂದು ಕಾಲಿಗೆ ಸುತ್ತಿಕೊಂಡು, ಕುಂಯ್‌ಗುಟ್ಟಿ, ಹೊರಳಾಡಿಬಿಟ್ಟ. ಅಷ್ಟು ಪ್ರೀತಿ ನನಗೆ ಯಾರೂ ತೋರಿಸಿರಲಿಲ್ಲ. ಅವನನ್ನು ಬಿಟ್ಟು ಹೋಗುವ ಪ್ರಶ್ನೆಯೇ ಇಲ್ಲವೆಂದುಕೊಂಡೆ.

ಆಗ ಬಲೆ ಹೊತ್ತ ನಾಲ್ಕಾರು ಗಂಡಸರು ನಮ್ಮ ಕಡೆಗೆ ಬಂದರು. ನನಗೆ ಗುರುತಿಲ್ಲದವರು, ಮೋತಿಗೆ ದಿನನಿತ್ಯ ಕಾಣುವವರು. ನನ್ನ ಕೈ ಮೋತಿಯ ಕೊರಳಿನ ಮೇಲಿತ್ತು. ಅಂಗೈ ಕೆಳಗೆ ಅವನ ರೋಮ ಒಂದೊಂದಾಗಿ ಎದ್ದು ನಿಂತದ್ದು, ಗಂಟಲಿನಲ್ಲಿ ಸಣ್ಣಗೆ ಗುರುಗುರು ಶುರುವಾದದ್ದು ನನಗೆ ತಿಳಿಯಿತು. ಮಗು ಇನ್ನೂ ಅವನ ಬಾಲದ ಹತ್ತಿರವೇ ಕುಳಿತಿತ್ತು. ಮಾದೇವಿ ನನ್ನ ಕೈಯನ್ನೇ ನೋಡಿದಳು. ನಾನು ಅವನ ಕೊರಳಿನಿಂದ ಕೈ ತೆಗೆದೆ. ರೋಮ ಮೆಲ್ಲಗೆ ಮಲಗಿತು. ಗಂಡಸರು ಹಾದುಹೋದರು, ಮೋತಿ ಆಕಳಿಸಿದ.

ಚಾ ಕುಡಿದು, ಜೇಬಿನಿಂದ ಪಟ್ಟಿಯನ್ನು ಹೊರಗೆ ತೆಗೆಯದೆಯೇ ದೋಣಿ ಹತ್ತಿದೆ.

ಆಮೇಲೆ ನಾನು ನಾಯಿ ಸಾಕಲಿಲ್ಲ. ಯಾರ ಮನೆಗೆ ಹೋದರೂ, ನಾಯಿ ಹತ್ತಿರ ಬಂದರೆ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಳ್ಳುತ್ತೇನೆ. ಮಾಸ್ತರಿಗೆ ನಾಯಿಯೆಂದರೆ ಹೆದರಿಕೆ ಎಂದು ನಗುತ್ತಾರೆ, ನಾನೂ ನಗುತ್ತೇನೆ. ನಿನ್ನೆ ಸಂಜೆ ಜಗುಲಿಯಲ್ಲಿ ನಿಂತು ಇದನ್ನೆಲ್ಲ ನೆನೆಯುತ್ತಿದ್ದಾಗ ಪಕ್ಕದ ಮನೆಯ ನಾಯಿ ಬಂದು ನನ್ನ ಪಾದದ ಮೇಲೆ ತಲೆಯಿಟ್ಟು ಮಲಗಿತು. ಅಷ್ಟರಲ್ಲಿ ಗುರುತಿಲ್ಲದ ಒಬ್ಬ ಗೇಟು ತೆರೆದು ಒಳಗೆ ಬಂದ. ಈ ವಯಸ್ಸಿನಲ್ಲೂ ನನ್ನ ಎದೆ ಡವಗುಟ್ಟಿತು. ಬೆನ್ನ ಹಿಂದೆ ನನ್ನ ಎರಡು ಕೈಗಳು ಒಂದನ್ನೊಂದು ಬಿಗಿಯಾಗಿ ಹಿಡಿದುಕೊಂಡವು. ನಾಯಿಗೆ ಅದೊಂದೂ ಗೊತ್ತಾಗಲಿಲ್ಲ, ನಿದ್ದೆ ಮಾಡುತ್ತಲೇ ಇತ್ತು.