ಸ್ಕೈಲ್ಯಾಬ್‌ನ ಇನ್ನೊಂದು ರೆಕ್ಕೆ

ಮೊನ್ನೆ ಡ್ರಿಲ್ ಬಿಟ್ ಹುಡುಕುವಾಗ ಡ್ರಾಯರಿನ ತಳದಲ್ಲಿ ಅಂಗೈ ಅಗಲದ ಅಲ್ಯೂಮಿನಿಯಂ ತಗಡೊಂದು ಸಿಕ್ಕಿತು. ಮೂಸಿದೆ. ಇನ್ನೂ ಮಷೀನ್ ಎಣ್ಣೆಯ ವಾಸನೆ... ವಿಜ್ಞಾನದ ಮೇಷ್ಟರು ಎದುರಿಗೇ ಬಂದು ನಿಂತಂತಾಯಿತು.

ಕುನ್ನತ್ತೂರಿನ ಶಾಲೆಯಲ್ಲಿ ನನಗೆ ಪಾಠ ಹೇಳಿದವರು. ನಮ್ಮಂತೆ ಅವರ ಮನೆಯ ಮಾತೂ ತಮಿಳು ಬೆರೆತ ಕನ್ನಡವೇ. ನಾನು ಎಂಟನೇ ಕ್ಲಾಸಿಗೇ ಶಾಲೆ ಬಿಟ್ಟು ಕೊಯಮತ್ತೂರಿನ ಪಂಪು ಕಾರ್ಖಾನೆಗೆ ಸೇರಿದೆ. ಮುಂದೆ ಗಾಂಧಿಪುರಂ ಹತ್ತಿರ ಲೋಹ ಕಡೆಯುವ ಸ್ವಂತ ಲೇತ್ ಹಾಕಿದೆ. ನಾನು ಕಡೆದ ಒಂದು ಸಾಮಾನೂ ವಾಪಸ್ ಬಂದಿಲ್ಲ. ಇದನ್ನು ಎಲ್ಲಿ ಬೇಕಾದರೂ ಹೇಳುತ್ತೇನೆ.

ನಿವೃತ್ತರಾದ ಮೇಲೆ ಮೇಷ್ಟರು ಒಂದು ಫೋಟೋ ಹಿಡಿದು ಬಂದರು. ಸ್ಕೈಲ್ಯಾಬ್! ನಾವು ಚಿಕ್ಕವರಿದ್ದಾಗ ತಲೆಯ ಮೇಲೆ ಬೀಳುತ್ತದೆಂದು ಊರನ್ನೇ ಹೆದರಿಸಿದ್ದ ಬಾಹ್ಯಾಕಾಶ ನಿಲ್ದಾಣ. ಶಾಲೆಯ ಮಕ್ಕಳಿಗಾಗಿ ಅದರ ಸಾಕ್ಷ್ಯಚಿತ್ರ ಮಾಡುತ್ತಿದ್ದರು. ಮಾದರಿ ನಾನೇ ಮಾಡಿಕೊಡಬೇಕಂತೆ.

ಫೋಟೋದಲ್ಲಿ ಒಂದೇ ಪಕ್ಕಕ್ಕೆ ಸೌರಫಲಕದ ರೆಕ್ಕೆ. ಇನ್ನೊಂದು ಮರೆಯಲ್ಲಿರಬೇಕು ಅಂದುಕೊಂಡೆ. ಪಂಪಿನ ಚಕ್ರ ಕಡೆದವನಿಗೆ ಒಂದು ಕಡೆ ಭಾರ ಬಿಡಲು ಮನಸ್ಸೇ ಬಾರದು. ಎರಡೂ ರೆಕ್ಕೆ ಕೂಡಿಸಿ ದಾರದಲ್ಲಿ ತೂಗುಹಾಕಿದೆ. ಕೂದಲೆಳೆಯಷ್ಟೂ ವಾಲಲಿಲ್ಲ.

ಶೂಟಿಂಗ್ ದಿನ ಅವರ ಮನೆಯ ಪಡಸಾಲೆಯಲ್ಲಿ ಬಾಹ್ಯಾಕಾಶಕ್ಕೆಂದು ಕಪ್ಪು ಬಟ್ಟೆ ಕಟ್ಟಿದ್ದರು. ಮಾದರಿ ನೋಡಿದ್ದೇ ಮೇಷ್ಟರಿಗೆ ನಗು.

"ಅಡ ಪಾವಿ! ಇನ್ನೊಂದು ರೆಕ್ಕೆ ಎಲ್ಲಿಂದ ತಂದ್ಯಪ್ಪಾ?"

"ಬ್ಯಾಲೆನ್ಸ್ ಬೇಡ್ವಾ ಸಾರ್? ಒಂಟಿ ರೆಕ್ಕೇಲಿ ಯಾವನ್ ಮಾಡ್ತಾನೆ?"

"ಅಮೆರಿಕದವ್ರೂ ಎರಡೇ ಮಾಡಿದ್ದು. ಮೇಲಕ್ಕೆ ಹೋಗುವಾಗ್ಲೇ ಒಂದು ಕಿತ್ಕೊಂಡು ಹೋಯ್ತು."

ನನ್ನ ಮುಖ ಬಾಡಿತು. ಇಷ್ಟು ವರ್ಷದಲ್ಲಿ ಮೊದಲ ಸಲ, ಅದೂ ನನ್ನ ಮೇಷ್ಟರ ಕೈಯಿಂದಲೇ, ಸಾಮಾನು ವಾಪಸ್... ಸ್ಕ್ರೂ ಬಿಚ್ಚಲು ಹೋದೆ. ಮೇಷ್ಟರು ಕೈ ತಡೆದರು.

"ಇರು, ಕೋಪಕ್ಕಾರ. ಎರಡು ರೆಕ್ಕೇಲಿ ಹೊರಡೋದು ಮೊದ್ಲು ತೆಗೀತೀನಿ. ಆಮೇಲೆ ಕ್ಯಾಮೆರಾ ಮುಂದೇನೇ ನಿನ್ ಕೈಯಾಲೆ ಒಂದು ಕೀಳು. ನಂಗೂ ಇದು ಹೊಳೆದಿರ್ಲಿಲ್ಲ, ನೋಡು."

"ಕೈ ತೊಳ್ಕೊಂಡು ಬರ್ತೀನಿ ಸಾರ್. ಉಗುರೆಲ್ಲಾ ಕರಿ."

"ಬೇಡ. ಕೆಲ್ಸದ ಕೈ, ಹಂಗೇ ಇರ್ಲಿ."

ನಾನು ಬಿಟ್ಟುಹೋದ ಶಾಲೆಯಲ್ಲೇ ಚಿತ್ರ ತೋರಿಸಿದರು. ರೆಕ್ಕೆ ಕಿತ್ತು ಬಂದಾಗ ಮಕ್ಕಳೆಲ್ಲ "ಅಯ್ಯೋ" ಎಂದರು. ಹಿಂದಿನ ಬೆಂಚಿನಲ್ಲಿ ಕೂತಿದ್ದ ನಾನು ಒಬ್ಬನೇ ನಕ್ಕೆ.

ಮೇಷ್ಟರು ತೀರಿಹೋಗಿ ಮೂರು ವರ್ಷವಾಯಿತು. ಅಂದು ಕಿತ್ತ ಆ ರೆಕ್ಕೆಯ ತಗಡು ಒರೆಸಿ ಲೇತಿನ ಪಕ್ಕದಲ್ಲಿಟ್ಟು, ಫೋನಿನಲ್ಲಿ ಆ ಚಿತ್ರ ಹಾಕಿದೆ. ನನ್ನ ಕರಿ ಉಗುರು ಕಾಣುವ ಕಡೆ ಕ್ಯಾಮೆರಾ ಹಿಂದಿನಿಂದ ಅವರ ದನಿಯೂ ಸೇರಿಬಿಟ್ಟಿದೆ. ಆ ದನಿ ಅಳಿಸಬಹುದಿತ್ತು, ಮೇಷ್ಟರು ಅಳಿಸಿರಲಿಲ್ಲ.

"ಮೆಲ್ಲಗಪ್ಪಾ... ಹಾಂ. ಚೆನ್ನಾಗ್ ಮಾಡಿದೀಯ."