ಊಟ ಆತೇನ್ರಿ ಎಂದ ತಪ್ಪಿಗೆ

ಗೆಳೆಯರೇ, ಮರೆವಿನ ಕಾಯಿಲೆಯಿರುವ ನನ್ನ ಸೋದರತ್ತೆಗೆ ಇಂದು ಬೆಳಿಗ್ಗೆ ಪುಣೆಯ ಹಡಪಸರದ ಆರೈಕೆ ಕೇಂದ್ರವೊಂದು ಜಾಗ ಕೊಡಲಿಲ್ಲ. ‘ಸಿಬ್ಬಂದಿಯನ್ನು ಗದರಿಸುತ್ತಾರೆ’ ಎಂದು ಷರಾ ಬರೆದು ಕಳಿಸಿದರು.

ಅತ್ತೆ ಅಲ್ಲಿನ ಮ್ಯಾನೇಜರ್ ಮಹಿಳೆಯ ಕೈ ಹಿಡಿದು ಕೇಳಿದ್ದು ಇಷ್ಟೇ: “ಊಟ ಆತೇನ್ರಿ?”

“ಬಘಾ, ಮಲಾ ಊಠ ಮ್ಹಣತಾತ!” ಎಂದು ಆಕೆ ಸಿಡಿದರು. ‘ನೋಡಿ, ನನಗೇ ಊಠ ಅನ್ನುತ್ತಾರೆ’ ಎಂಬ ದೂರು ಅದು; ಮರಾಠಿಯಲ್ಲಿ ಊಠ ಎಂದರೆ ‘ಎದ್ದೇಳು’, ಅದೂ ಏಕವಚನದಲ್ಲಿ.

ಅತ್ತೆ ಕೇಳಿದ್ದು ಜೇವಣದ, ಅಂದರೆ ಊಟದ ಬಗ್ಗೆ ಎಂದೆ. “ಹಾಗಾದರೆ ಮರಾಠಿಯಲ್ಲಿ ಕೇಳಲು ಹೇಳಿ” ಎಂದರು.

ಅತ್ತೆ ಇದೇ ಪುಣೆಯಲ್ಲಿ ಮೂವತ್ತು ವರ್ಷ ನರ್ಸ್ ಆಗಿದ್ದವರು; ಪ್ರತಿ ಹಾಸಿಗೆಯ ಬಳಿ ನಿಂತು ಇದೇ ಪ್ರಶ್ನೆಯನ್ನು ಮರಾಠಿಯಲ್ಲಿ ‘ಜೇವಲಾತ ಕಾ?’ ಎಂದು ಕೇಳಿದವರು. ಕಾಯಿಲೆ ಆ ಮರಾಠಿಯನ್ನೇ ಮೊದಲು ಒಯ್ದಿತು.

ಇದು ನಾಲ್ಕನೆಯ ಕೇಂದ್ರ. ಮುಂದೆ ದಾರಿ ತೋಚುತ್ತಿಲ್ಲ.

ಮರೆತವರ ಮನೆ ಎಂದು ಬೋರ್ಡು ಹಾಕಿದವರೇ, ಮರಾಠಿ ಮರೆತವರು ಎಲ್ಲಿಗೆ ಹೋಗಬೇಕು? ಇಲ್ಲೇ, ಎಲ್ಲರೆದುರು ಉತ್ತರಿಸಿ. ಮರಾಠಿಯಲ್ಲೇ ಬರೆಯಿರಿ, ನಾನಿನ್ನೂ ಮರೆತಿಲ್ಲ.