ಬೇಸ್ ಪೆಟ್ಟಿಗೆಗೆ ಬಿಟ್ಟ ಮೂಲೆ

ಅಪ್ಪ ತೀರಿಕೊಂಡ ಮೇಲೆ ತಮಿಳು ಸೀಮೆಯ ಸಿಂಗಾನಲ್ಲೂರಿನ ಮನೆಯಲ್ಲಿ ನಾನೊಬ್ಬನೇ ಉಳಿದೆ. ಅವರ ಕೈಮಗ್ಗವನ್ನು ಬಿಚ್ಚಿ ಕೊಟ್ಟಿದ್ದರಿಂದ ಇದ್ದ ಒಂದೇ ಕೋಣೆಯ ಅರ್ಧ ಖಾಲಿಯಾಗಿತ್ತು. ನಾನು ಕುರಿಚಿಯ ಫೌಂಡ್ರಿಯೊಂದಕ್ಕೆ ಮರದ ಅಚ್ಚು ಮಾಡಿಕೊಡುತ್ತಿದ್ದೆ. ಎಂಬತ್ತರ ದಶಕದ ಆ ವರ್ಷಗಳಲ್ಲಿ ಯಾರ ಮದುವೆಗೆ ಹೋದರೂ ಮೈಕ್ ಸೆಟ್‌ನವರ ಪೆಟ್ಟಿಗೆಗಳು ಡಂಡಂ ಎಂದು ಎದೆಗೆ ಗುದ್ದುತ್ತಿದ್ದವು. ಜನ ಆ ತಗ್ಗುದನಿಯನ್ನೇ ಬೇಸ್ ಎಂದು ತಲೆದೂಗುತ್ತಿದ್ದರು. ನನಗೆ ಮೈಯೆಲ್ಲ ಉರಿಯುತ್ತಿತ್ತು. ನಾಗಸ್ವರದ ಜೊತೆ ತವಿಲು ಬಾರಿಸುವವನು ಕೈ ಎತ್ತಿದ ಮೇಲೂ ಪೆಟ್ಟಿಗೆ ಗೊಣಗುತ್ತಿದ್ದರೆ ಅದು ತವಿಲಲ್ಲ, ಪೆಟ್ಟಿಗೆಯ ಹೊಟ್ಟೆನೋವು.

ಹಾಗಾಗಿ ನಾನೇ ಒಂದು ಹಾರ್ನ್ ಪೆಟ್ಟಿಗೆ ಕಟ್ಟತೊಡಗಿದೆ. ಸ್ಪೀಕರಿನ ಮುಂದೆ ಕಿರಿದಾಗಿ ಶುರುವಾಗಿ ಬರಬರುತ್ತ ಅಗಲವಾಗುವ ದಾರಿ ಇರಬೇಕು. ಸ್ವರ ಎಷ್ಟು ತಗ್ಗಿನದೋ ದಾರಿ ಅಷ್ಟು ಉದ್ದ, ಬಾಯಿ ಅಷ್ಟು ದೊಡ್ಡದು. ನೇರವಾಗಿ ಮಾಡಿದ್ದರೆ ಬೀದಿಗೇ ಚಾಚಬೇಕಿತ್ತು. ದಾರಿಯನ್ನು ಪೆಟ್ಟಿಗೆಯೊಳಗೇ ಮಡಚಿ, ಮಗ್ಗವಿದ್ದ ಮೂಲೆಗೆ ಇಟ್ಟೆ. ಆಗ ಎರಡು ಗೋಡೆ ಮತ್ತು ನೆಲವೇ ಹಾರ್ನಿನ ಮುಂದುವರಿಕೆಯಾಗುತ್ತವೆ. ಎರಡು ವರ್ಷ ಹಿಡಿಯಿತು. ಒಂದು ಹಲಗೆ ತಪ್ಪಿದರೆ ಎಲ್ಲ ಬಿಚ್ಚುವುದು, ಸಂದಿಯಲ್ಲಿ ಗಾಳಿ ಸೋರುತ್ತದೋ ಎಂದು ಊದುಬತ್ತಿ ಹಿಡಿದು ನೋಡುವುದು, ಮತ್ತೆ ಅಂಟು ಹಾಕುವುದು. ಕೆಲಸ ಮುಗಿಸಿ ಮನೆಗೆ ಬಂದರೆ ಮಾತಾಡಲು ಒಂದು ನರಪಿಳ್ಳೆಯೂ ಇರಲಿಲ್ಲ.

ಸೋದರಮಾವನ ಮಗಳು ನನಗೇ ಎಂದು ಚಿಕ್ಕಂದಿನಿಂದ ಎಲ್ಲರೂ ಆಡಿಕೊಂಡಿದ್ದರು. ನನಗೂ ಅವಳ ಮೇಲೆ ಆಸೆಯಿತ್ತು. ಪೆಟ್ಟಿಗೆ ಮುಗಿಯಲಿ, ಆಮೇಲೆ ಹೆಣ್ಣು ಕೇಳಲು ಹೋಗೋಣ ಎಂದುಕೊಂಡಿದ್ದೆ. ಒಂದು ಭಾನುವಾರ ಮಾವನೇ ತಿರುಪ್ಪೂರಿನಿಂದ ಬಂದರು. ಕೋಣೆಯನ್ನು ಸುತ್ತ ನೋಡಿ, ಮುದ್ದಿನಿಂದಲೇ ಮಗಳ ಮಾತೆತ್ತಿದರು.

“ಏನ್ ಕಣ್ಣು, ನನ್ ಪೊಣ್ಣು ಎಲ್ಲಿ ಮಲಗ್ಬೇಕು?”

ಬುದ್ಧಿ ಇದ್ದವನಾದರೆ ಆ ಮಾತಿನ ಅರ್ಥ ಹಿಡಿಯುತ್ತಿದ್ದ. ನಾನು ಕೈಗಂಟಿದ ಮರದ ಹೊಟ್ಟು ಒರೆಸಿಕೊಂಡು ಹೇಳಿದೆ: “ಆ ಮೂಲೆ ಕಾಲಿ ಇರ್ಬೇಕು ಮಾಮ. ಪೆಟ್ಟಿಗೆ ಮುಂದೆ ಏನಾದ್ರೂ ಇಟ್ರೆ ಬೇಸ್ ಕೆಟ್ಟೋಗ್ತದೆ.”

“ಸರಿ,” ಎಂದು ಮಾವ ಎದ್ದರು. ಮುಂದಿನ ತಿಂಗಳು ತಟ್ಟೆಯಲ್ಲಿ ವೀಳ್ಯ, ತೆಂಗಿನಕಾಯಿ ಇಟ್ಟುಕೊಂಡು ಬಂದರು. ನಮ್ಮ ನೇಕಾರ ಮನೆತನಗಳಲ್ಲಿ ಹೆಣ್ಣನ್ನು ಹೊರಗೆ ಕೊಡುವ ಮುಂಚೆ ಅವಳ ಸೋದರತ್ತೆಯ ಮಗನಿಗೆ ವೀಳ್ಯ ಕೊಟ್ಟು ಒಪ್ಪಿಗೆ ಪಡೆಯಬೇಕು. ಎರಡೂ ಕೈ ಚಾಚಿ ತೆಗೆದುಕೊಂಡೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತಾರಲ್ಲ, ನನ್ನದು ಹಾಗೂ ಅಲ್ಲ, ತುತ್ತನ್ನು ನಾನೇ ಪಕ್ಕಕ್ಕಿಟ್ಟಿದ್ದೆ. ಅವರು ಹೋದ ಮೇಲೆ ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ.

ಪೆಟ್ಟಿಗೆ ಮುಗಿಯಿತು. ಟೇಪ್‌ನಲ್ಲಿ ತವಿಲು ಹಾಕಿದರೆ ಕೈ ಬಿದ್ದಾಗ ಸದ್ದು, ಎತ್ತಿದಾಗ ನಿಶ್ಶಬ್ದ. ನಾನು ಬಯಸಿದ ಹಾಗೆಯೇ ಬಂದಿತ್ತು. ಬಾ, ಇದನ್ನು ನೋಡು ಎಂದು ಕರೆಯಲು ಯಾರೂ ಇರಲಿಲ್ಲ.

ಮದುವೆಯಾದ ವರ್ಷ ಅವಳು ಗಂಡನೊಂದಿಗೆ ನಮ್ಮ ಮನೆಗೆ ಬಂದಳು. ಗಂಡ ಬೀಡಿ ಸೇದಲು ಅಂಗಡಿಯತ್ತ ಹೋದಾಗ ನಾನು ಟೇಪ್ ಹಾಕಿದೆ. ಕಣ್ಣು ಮುಚ್ಚಿ ಕೊನೆಯವರೆಗೂ ಕೂತಿದ್ದಳು.

“ನಲ್ಲಾ ಇದೆ ಬಾವ,” ಎಂದು ಮೆಚ್ಚಿಕೊಂಡಳು. ಆಮೇಲೆ ಬಾಗಿಲ ಹೊರಗಿನ ಜಗಲಿಯ ಕಡೆ ಕೈ ತೋರಿಸಿದಳು. “ನಾ ಆ ತಿಣ್ಣೇಲೇ ಮಲಗ್ತಿದ್ದೆ. ನನ್ ಕೂಡ ಒಂದ್ ಮಾತು ಆಡಿದ್ರೆ ಆಗ್ತಿತ್ತಲ್ಲ.”

ಬೀದಿಯಲ್ಲಿ ಗಂಡನ ಚಪ್ಪಲಿ ಸದ್ದಾಯಿತು. ಅವಳು ಸೆರಗು ಸರಿಮಾಡಿಕೊಂಡು ಎದ್ದಳು.